ನಾಲ್ಕನೇ ದಿನದ ಭಜ್ಜಿ

ಉಳಿದ ಅಡುಗೆ ತಿನ್ನಬಹುದೋ ಬಾರದೋ ಎನ್ನುವುದನ್ನು ನಮ್ಮ ಮನೆಯಲ್ಲಿ ಅತ್ತೆಯ ಮೂಗು ತೀರ್ಮಾನಿಸುತ್ತಿತ್ತು. ಅದರ ಮೇಲೆ ಅಪೀಲಿಲ್ಲ. ಮೊದಲು ಮೂಸಿ ನೋಡುವರು, ಅನುಮಾನ ಬಂದರೆ ಒಂದು ಚಮಚ ತಾವೇ ತಿಂದು ಸ್ವಲ್ಪ ಹೊತ್ತು ಕಾದು, ಆಮೇಲೆ ಮಕ್ಕಳಿಗೆ ಬಡಿಸುವರು. ಕಮಲಾಪುರದ ತುಂಬಿದ ಮನೆಯಲ್ಲಿ ಎಲ್ಲರಿಗೂ ಹಾಗೆಯೇ ಉಣಿಸಿದವರು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಾವು ಮನೆ ಮಾಡಿ, ತೊಂಬತ್ತರ ದಶಕದಲ್ಲಿ ಫ್ರಿಜ್ ತಂದ ಮೇಲೂ ಅವರ ಮಾತೇ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಮೈ ಉರಿಯುತ್ತಿತ್ತು. ಬಿ.ಎಸ್ಸಿ. ಓದಿದವಳು ನಾನು, ನನ್ನ ಮೂಗಿಗೆ ಕಿಮ್ಮತ್ತೇ ಇಲ್ಲ!

ಆ ವರ್ಷ ಎಳ್ಳಮಾವಾಸ್ಯೆಗೆ ಕಮಲಾಪುರದ ಹೊಲದಲ್ಲಿ ಉಂಡು, ಮಿಕ್ಕ ಭಜ್ಜಿಯನ್ನು ಡಬ್ಬಿ ತುಂಬ ತಂದಿದ್ದೆವು. ಕಾಳು, ಸೊಪ್ಪು, ಹುಣಸೆಹಣ್ಣು ಹಾಕಿ ಮಾಡಿದ ಈ ಭಜ್ಜಿಯನ್ನು ಊರಿನಲ್ಲಿ ದಿನಾ ಕುದಿಸಿ ಕುದಿಸಿ ನಾಲ್ಕು ದಿನ ಉಣ್ಣುತ್ತಾರೆ. ಇಲ್ಲಿ ಫ್ರಿಜ್ ಇದೆಯಲ್ಲ ಎಂದು ಅತ್ತೆ ಕುದಿಸುವುದನ್ನೇ ಬಿಟ್ಟರು. ಕರೆಂಟು ಹೋಗುವುದು, ಬರುವುದು ಮಾಡುತ್ತಿತ್ತು. ನಾಲ್ಕನೇ ದಿನ ಮಧ್ಯಾಹ್ನ ಮುಚ್ಚಳ ತೆಗೆದರೆ ಅಂಚಿನಲ್ಲಿ ಸಣ್ಣ ಗುಳ್ಳೆಗಳು, ಹುಳಿಯಲ್ಲದ ಬೇರೆಯದೇ ಒಂದು ನಾತ.

ಶಾಲೆಯಿಂದ ಬಂದ ಮಗಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಅತ್ತೆ ಡಬ್ಬಿ ಮೂಸಿ, "ಏನೂ ಆಗಿಲ್ಲ, ಬಡಸು," ಎಂದರು.

"ಇಲ್ರೀ ಅತ್ತಿ, ಕೆಟ್ಟದ. ನಾ ಬಡಸಂಗಿಲ್ಲ."

"ಹುಣಸಿಹಣ್ಣಿನ ಹುಳಿ ಅದು. ತಾ ಇಲ್ಲಿ, ನಾನೇ ತಿಂದು ತೋರಸ್ತೀನಿ."

ಚಮಚ ಬಾಯಿಗೆ ಹೋಗುವಷ್ಟರಲ್ಲಿ ನಾನು ಅವರ ಕೈ ಹಿಡಿದೆ. ಮದುವೆಯಾದ ಎಂಟು ವರ್ಷದಲ್ಲಿ ಎದುರು ಮಾತಾಡಿದವಳೇ ಅಲ್ಲ, ಕೈ ಹಿಡಿಯುವುದು ದೂರವೇ ಉಳಿಯಿತು. ಆದರೆ ಅವತ್ತು ಏನಾದರೂ ಸರಿ, ಬಿಡಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆಗ ಬೆಳಗಿನ ಸಂಗತಿ ಹೊಳೆಯಿತು. ಅವರು ಒಲೆಯ ಪಕ್ಕದಲ್ಲೇ ಕೂತು ಪಲ್ಲೆಗೆ ಸೊಪ್ಪು ಬಿಡಿಸುತ್ತಿದ್ದಾಗ ಹಾಲು ತಳ ಹತ್ತಿ ಮನೆಯೆಲ್ಲ ಸೀದ ವಾಸನೆ. ಹಿತ್ತಲಿನಲ್ಲಿದ್ದ ನಾನು ಓಡಿ ಬಂದಿದ್ದೆ. ಅವರು ತಲೆಯನ್ನೇ ಎತ್ತಿರಲಿಲ್ಲ.

"ಅತ್ತಿ, ನಿಮಗ ವಾಸನಿ ಬರ್ತದೇನ್ರಿ?"

ಅವರು ಚಮಚ ಕೆಳಗಿಟ್ಟರು. ಕೈ ತೊಳೆದು ಬಾ ಎಂದು ಮೊಮ್ಮಗಳನ್ನು ಆಚೆ ಕಳಿಸಿದರು.

"ಮಳಿಗಾಲದಾಗ ಜ್ವರಾ ಬಂದಿತ್ತಲ್ಲ, ಆವಾಗಿಂದ ಏನೂ ಬರವಲ್ದು. ಯಾರ ಮುಂದೂ ಹೇಳಬ್ಯಾಡವ್ವ. ಇದೂ ಹೋತಂದ್ರ ಈ ಮನಿಯಾಗ ನನ್ನ ಯಾರು ಏನು ಕೇಳ್ತಾರ?"

ಎಂಟು ವರ್ಷ ಒಳಗೊಳಗೇ ಸಿಡುಕಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು. ಭಜ್ಜಿಯ ಮಾತಿನಲ್ಲಿ ಮಾತ್ರ ಸೋಲಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ, ಅಷ್ಟನ್ನೂ ಸುರಿದು ಮಣ್ಣು ಮುಚ್ಚಿ ಬಂದೆ.

ಸಂಜೆ ಗಂಡ ಮನೆಗೆ ಬಂದವರೇ, "ಭಜ್ಜಿ ಎಲ್ಲದ?" ಎಂದರು. ಅತ್ತೆ ನನ್ನ ಮುಖ ನೋಡಿದರು.

"ಕೆಟ್ಟಿತ್ರಿ," ಎಂದೆ. "ನನಗ ಗೊತ್ತೇ ಆಗಿದ್ದಿಲ್ಲ. ಅತ್ತಿಯವ್ರೇ ಮೂಸಿ ನೋಡಿ ಚೆಲ್ಲು ಅಂದ್ರು."