ಎರಡು ಚಂದ್ರರ ಕವರು ಹಿಡಿದು ಬೇವೂರಿಗೆ

ಎಂಬತ್ತೆರಡರ ಫೆಬ್ರುವರಿಯಲ್ಲಿ, ಒಬ್ಬ ಪೇಂಟರನ ಸುಳ್ಳು ಬಯಲು ಮಾಡುವುದಕ್ಕೆಂದೇ ನಾನು ಹುಬ್ಬಳ್ಳಿಯಲ್ಲಿ ಕೊಪ್ಪಳದ ಪ್ಯಾಸೆಂಜರ್ ಗಾಡಿ ಹತ್ತಿದೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಟವೆಲ್ಲಿನಲ್ಲಿ ಸುತ್ತಿದ ಒಂದು ಇಂಗ್ಲಿಷ್ ರೆಕಾರ್ಡು.

ರೆಕಾರ್ಡಿನ ಸಂಗತಿ ಮೊದಲು ಹೇಳಿಬಿಡುತ್ತೇನೆ. ಪ್ರೊಗ್ರೆಸಿವ್ ರಾಕ್ ಅಂತಾರಲ್ಲ, ಒಂದೊಂದು ಹಾಡೂ ಇಪ್ಪತ್ತು ನಿಮಿಷ ಎಳೆಯುವಂಥದ್ದು, ಆ ಜಾತಿಯದು. ಹಳೆ ಸಾಮಾನಿನ ಅಂಗಡಿಯಲ್ಲಿ ಅದನ್ನು ಕೊಂಡದ್ದು ಹಾಡಿಗಲ್ಲ, ಕವರಿಗೆ. ನೀಲಿ ಆಕಾಶದಲ್ಲಿ ನೆಲವೇ ಇಲ್ಲದೆ ತೇಲುವ ದುಂಡು ಬಂಡೆಗಳು. ಮೇಲೆ ಎರಡು ಚಂದ್ರ: ಒಂದು ಬಿಳಿ, ಒಂದು ಕರಿ. ಕರಿಯದರ ನಡುವೆ ಒಂದು ಗೆರೆ, ಸುತ್ತ ಮೊಟಕು ಬಿಳಿ ಕಿರಣ. ಆ ಗೆರೆ ಎರಡಾಗಿ ಒಡೆದ ಆಧುನಿಕ ಮನಸ್ಸು ಎಂದು ಧಾರವಾಡದ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ವಾದಿಸಿ ನಾನು ಬಹುಮಾನ ಗೆದ್ದಿದ್ದೆ. ಕವರಿನ ಹಿಂಬದಿಯಲ್ಲಿ ಬಾರಿಸಿದವರ ಹೆಸರಿತ್ತು, ಧ್ವನಿ ಹಿಡಿದವರ ಹೆಸರಿತ್ತು, ಚಹಾ ತಂದುಕೊಟ್ಟವನ ಹೆಸರೂ ಇತ್ತು. ಚಿತ್ರಕ್ಕೆ ಮಾತ್ರ "ಭಾರತದ ಸಾಂಪ್ರದಾಯಿಕ ಕಲೆ" ಎಂದಷ್ಟೇ. ಸಂಪ್ರದಾಯಕ್ಕೆ ಕೈ ಎಲ್ಲಿದೆ ಬ್ರಷ್ ಹಿಡಿಯಲು? ಎಲ್ಲವನ್ನೂ ಪ್ರಶ್ನಿಸುವ ನಾನು ಅದೊಂದನ್ನು ಪ್ರಶ್ನಿಸಿರಲಿಲ್ಲ.

ಕುಷ್ಟಗಿ ಕಡೆಯ ಸಹಪಾಠಿಯೊಬ್ಬ ಹಾಸ್ಟೆಲಿನಲ್ಲಿ ಕವರು ನೋಡಿ, "ಲೇ, ಇದು ಬೇವೂರ ಪೇಂಟರ್ ದೇವಪ್ಪನ ನಾಟಕದ ಪರದಿ ಐತಲೇ. ನನ್ನ ಚಿತ್ರ ಫಾರಿನ್ನಿಗೆ ಹೋಗೇತಿ ಅಂತಿರ್ತಾನ ಅಂವ" ಅಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದು ನಿಜವಾದರೆ ನನ್ನ ಬಹುಮಾನದ ಗತಿ?

ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಕುಷ್ಟಗಿ ಬಸ್ಸು ಹಿಡಿದೆ. ಬೇವೂರಿಗೆ ಮೂರು ರೂಪಾಯಿ, ಒಂದೂವರೆ ಗಂಟೆ. ಬಿಸಿಲಿಗೆ ಸೀಟಿನ ಕಬ್ಬಿಣ ಕಾಯ್ದಿತ್ತು. ದೇವಪ್ಪ ಪೇಂಟರ್ ಮನೆ ಎಲ್ಲಿ ಎಂದು ಕೇಳಿದರೆ ಕಂಡಕ್ಟರ್ ಬಸ್ಸಿಗೆಲ್ಲ ಕೇಳುವಂತೆ ಕೂಗಿದ: "ಫಾರಿನ್ ದೇವಪ್ಪನ ಮನಿಗೇನ್ರಿ? ಅಂವನ ಚಿತ್ರ ವಿಮಾನ ಹತ್ತಿ ಹೋಗೇತಂತ. ಅಂವ ಮಾತ್ರ ಇನ್ನೂ ನಮ್ಮ ಬಸ್ಸಿಗೇ ಕಾಯ್ತಾನ!"

ದೇವಪ್ಪ ಮನೆಯ ಮುಂದೆ ಟ್ರ್ಯಾಕ್ಟರಿನ ಟ್ರೇಲರಿಗೆ ಹಳದಿ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದ. ಐವತ್ತರ ಆಸುಪಾಸು. ನಾನು ರೆಕಾರ್ಡು ತೋರಿಸಲಿಲ್ಲ. ಸಾಕ್ಷಿಯನ್ನು ಮೊದಲೇ ಬಿಚ್ಚಿಡುವವನು ವಾದ ಸೋಲುತ್ತಾನೆ. ಅವನೇ ಹೇಳಿದ: ಎಂಟು ವರ್ಷದ ಹಿಂದೆ, ಇಟಗಿಯ ಗುಡಿ ನೋಡಲು ಬಂದ ಪರದೇಶದವರು, ಬಿಸಿಲಿಗೆ ಹರವಿದ್ದ ಅವನ ಪರದೆಯ ಫೋಟೊ ಹೊಡೆದುಕೊಂಡರು. ಅಚ್ಚು ಹಾಕಿಸಿ ಕಳಿಸುತ್ತೇವೆ ಅಂದವರು ಕಳಿಸಲಿಲ್ಲ. ಪರದೆ ಈಗ ಹರಿದು ಹೋಗಿತ್ತು.

"ಅದರಾಗ ಬಂಡಿಗಲ್ಲು ಹಾರ್ತಿದ್ದವೇನ್ರಿ?" ಎಂದು ಕೇಳಿದೆ.

"ಕಲ್ಲು ಹಾರ್ತಾವೇನ್ರಿ ಸಾಹೇಬ್ರ? ಗಂಗಾವತಿ ಕಡೆ ಗುಡ್ಡ ಅವು. ನೆಲದ ಮ್ಯಾಲ ಕುಂತಾವು."

"ಚಂದ್ರ ಎಷ್ಟಿದ್ದವು?"

"ಒಂದ. ನಿಮ್ಮ ಧಾರವಾಡದಾಗ ಎಷ್ಟ ಅದಾವು?"

ಎರಡಕ್ಕೆ ಎರಡೂ ತಪ್ಪು. ನನಗೆ ಹಗುರಾಯಿತು, ಸುಳ್ಳೇಕೆ ಹೇಳಲಿ. ಚೀಲ ಹೆಗಲಿಗೆ ಹಾಕಿ ಎದ್ದೆ.

"ನೀವೂ ನಂಬಂಗಿಲ್ಲ, ಬಿಡ್ರಿ," ಎಂದು ದೇವಪ್ಪ ಬ್ರಷ್ ಅದ್ದಿದ. "ಊರಾಗ ನಾ ಬಾಯಿ ತಗದ್ರ ಸಾಕು, ನಗ್ತಾರ. ಒಮ್ಮಿ ಆ ಅಚ್ಚು ಇವರ ಕಣ್ಣಿಗೆ ಬಿದ್ದಿದ್ರ..."

ಚಹಾ ತಂದ ಅವನ ಹೆಂಡತಿ ಗಂಗವ್ವ ಹೊಸ್ತಿಲಲ್ಲೇ ನಿಂತಳು. "ಆ ಪರದಿಗೆ ನೆಲ ಎಲ್ಲಿ ಬರದಿದ್ರಿ ನೀವು? ಬಣ್ಣ ಉಳಸಾಕ ಕೆಳಗ ಹಂಗ ಬಿಟ್ಟಿದ್ರಿ."

"ಹೌದ ನೋಡು! ಕೆಳಗ ಪಾತ್ರದವರು ನಿಂತಿರ್ತಾರ. ಅವರ ಬೆನ್ನ ಹಿಂದಿನ ನೆಲ ಯಾಂವ ನೋಡ್ತಾನ?"

"ಚಂದ್ರನೂ ಎರಡ, ತಮ್ಮಾ," ಎಂದು ಆಕೆ ನನ್ನ ಕಡೆ ತಿರುಗಿದಳು. "ಒಂದು ಇವರದು, ಒಂದು ನಂದು. ಗ್ಯಾಸ್‌ಬತ್ತಿ ತಾಗಿ ಪರದಿ ಸುಟ್ಟು ತೂತು ಬಿದ್ದಿತ್ತು. ಅವತ್ತ ಆಟ. ಹಳೀ ಕರೀ ಛತ್ರಿ ದುಂಡಗ ಕತ್ತರಿಸಿ ತ್ಯಾಪಿ ಹಚ್ಚಿದ್ನಿ. ಛತ್ರಿಯ ಎರಡು ತುಂಡು ಕೂಡೋ ಹೊಲಿಗಿ ಬರೋಬ್ಬರಿ ನಡುವ ಬಂತು. ಸುತ್ತ ನಾ ಹಾಕಿದ ಬಿಳಿ ದಾರ ಎದ್ದು ಕಾಣ್ತಿತ್ತು. ನಾಳಿ ಮ್ಯಾಲ ಬಣ್ಣ ಬಳೀತೀನಿ ಅಂದ್ರು ಇವರು. ಇವರ ನಾಳಿ ಇನ್ನೂ ಬಂದಿಲ್ಲ."

"ಏ, ಅದ್ಯಾವ ಚಂದ್ರ? ತ್ಯಾಪಿ ಅದು!" ಎಂದ ದೇವಪ್ಪ.

ನಡುವಿನ ಗೆರೆಯ ಮಾತನ್ನು ನಾನು ಬೇವೂರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೂತೆ. ಟವೆಲ್ ಬಿಚ್ಚಿ ಕವರನ್ನು ಅವರ ಮುಂದಿಟ್ಟೆ.

ದೇವಪ್ಪ ಕೈಯನ್ನು ಧೋತರಕ್ಕೆ ಒರೆಸಿಕೊಂಡ, ಮುಟ್ಟಲಿಲ್ಲ, ನೋಡುತ್ತಲೇ ಇದ್ದ. ಗಂಗವ್ವ ಕರಿ ಚಂದ್ರನ ಮೇಲೆ ಬೆರಳಿಟ್ಟಳು. "ಇಲ್ಲಿ ದಾರ ಸಾಲಲಿಲ್ಲ. ಅದಕ್ಕ ಹೊಲಿಗಿ ದೂರ ದೂರ ಬಿದ್ದಾವು." ನಾನು ನನ್ನ ಬಹುಮಾನದ ಕಥೆ ಒಪ್ಪಿಕೊಂಡೆ. ಆಕೆ ಸೆರಗು ಬಾಯಿಗಿಟ್ಟು ನಕ್ಕಳು. "ಮನಸ್ಸು ಒಡದಿದ್ದಿಲ್ಲ ತಮ್ಮಾ, ಅದು ಛತ್ರಿ ಹೊಲಿಗಿ."

"ನಮ್ಮ ಹೆಸರು ಎಲ್ಲಿ ಐತ್ರಿ?" ಎಂದ ದೇವಪ್ಪ. ಹಿಂಬದಿಯನ್ನು ಓದಿ ಅರ್ಥ ಹೇಳಿದೆ.

"ಚಾ ಕೊಟ್ಟಾವಂದೂ ಐತಿ?"

"ಐತ್ರಿ."

ಅವನು ಬಣ್ಣದ ಡಬ್ಬಿಯ ಕಡೆ ತಿರುಗಿದ. ನಾನು ಕವರು ಮುಂದೆ ಚಾಚಿ, "ನೀವ ಬರೀರಿ," ಎಂದೆ.

"ನಿಮ್ಮ ಮಾಲು ಕೆಡತೈತ್ರಿ."

"ಕೆಡಲಿ."

ಟ್ರೇಲರಿನ ಹಳದಿಯಲ್ಲೇ ಬಂಡೆಗಳ ಕೆಳಗಿನ ಖಾಲಿ ಜಾಗದಲ್ಲಿ ದುಂಡಗೆ ಬರೆದ: ಚಿತ್ರ: ದೇವಪ್ಪ ಪೇಂಟರ್, ಬೇವೂರು. ಬ್ರಷ್ ಎತ್ತಿ ಹೆಂಡತಿಯ ಮುಖ ನೋಡಿದ. ಮತ್ತೆ ಅದ್ದಿದ: ಕರೀ ಚಂದ್ರ: ಗಂಗವ್ವ.

ಕವರು ನೀವೇ ಇಟ್ಟುಕೊಳ್ಳಿ ಎಂದರೆ ಒಪ್ಪಲಿಲ್ಲ. "ಇಲ್ಲಿದ್ರ, ತಾನ ಬರಕೊಂಡಾನ ಅಂತಾರ. ನೀವು ಓದಿದವರು, ನೀವ ಹೇಳ್ರಿ."

ರೊಟ್ಟಿ, ಪುಂಡಿಪಲ್ಯ ಉಂಡು ನಿಲ್ದಾಣಕ್ಕೆ ಬಂದಾಗ ಇಬ್ಬರೂ ಜೊತೆಗೆ ಬಂದರು. ಕುಷ್ಟಗಿಯಿಂದ ತಿರುಗಿ ಬಂದದ್ದು ಅದೇ ಬಸ್ಸು, ಅದೇ ಕಂಡಕ್ಟರ್. ಬಣ್ಣ ಹಸಿಯಿದ್ದುದರಿಂದ ಕವರನ್ನು ತೊಡೆಯ ಮೇಲೆ ಬಿಚ್ಚಿಯೇ ಇಟ್ಟುಕೊಂಡಿದ್ದೆ. ಕಂಡಕ್ಟರ್ ಬಗ್ಗಿ ನೋಡಿದ. ಇಂಗ್ಲಿಷ್ ಅಕ್ಷರ ನೋಡಿದ, ಬಂಡೆ ನೋಡಿದ, ಹಳದಿ ಹೆಸರು ನೋಡಿದ, ಕಿಟಕಿಯಾಚೆ ನಿಂತ ದೇವಪ್ಪನನ್ನು ನೋಡಿದ.

"ಏನಪಾ ದೇವಪ್ಪಣ್ಣ, ಖರೇನ ಐತಲ್ಲೋ!"

ದೇವಪ್ಪ ಹಳದಿ ಹತ್ತಿದ ಕೈಯನ್ನು ಹೆಗಲ ಮೇಲಿನ ವಸ್ತ್ರಕ್ಕೆ ಉಜ್ಜುತ್ತಲೇ ಇದ್ದ. ಬಸ್ಸು ಹೊರಟಿತು. ತಿರುಗಿ ನೋಡಿದರೆ ಧೂಳಿನಲ್ಲಿ ಇಬ್ಬರೂ ಇನ್ನೂ ಅಲ್ಲೇ ನಿಂತಿದ್ದರು.

"ಅಂವಂದೇನೋ ಆತು," ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತ. "ಗಂಗವ್ವಂದೇನ್ರಿ ಕೆಲಸ ಇದರಾಗ?" ಹಿಂದಿನ ಸೀಟಿನವರು ನಕ್ಕರು.

ನಾನು ಕವರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಎದ್ದು ನಿಂತು, ಗಂಗವ್ವನ ಛತ್ರಿಯಿಂದಲೇ ಶುರು ಮಾಡಿದೆ. ಕೊಪ್ಪಳಕ್ಕೆ ಇನ್ನೂ ಒಂದೂವರೆ ಗಂಟೆಯ ದಾರಿಯಿತ್ತು.