ಸೋಪು ನಾನು ಸೇರಿಸಿದ್ದು

ನನ್ನ ಮುಖದ ಎಣ್ಣೆಯ ಬಗ್ಗೆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಲಿಗೆ ಮಿಷನ್ನಿನ ಮುಂದೆ ಅರ್ಧ ಗಂಟೆ ಬಗ್ಗಿ ಕೂತರೆ ಹಣೆ, ಮೂಗು, ಗದ್ದ ಮೂರೂ ಮಿರಮಿರ ಮಿಂಚುತ್ತವೆ. ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಡುವ ಮೊದಲೇ, "ಏನಕ್ಕಾ, ಈಗಷ್ಟೇ ಮಿರ್ಚಿ ಕರಿದು ಎದ್ದು ಬಂದ್ರೇನ್ರೀ?" ಎನ್ನುತ್ತಾರೆ. ಮದುವೆಯಾಗಿ ಜಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈ ಮಾತಿಗೆ ನಗುವುದನ್ನು ಯಾವತ್ತೋ ಬಿಟ್ಟಿದ್ದೇನೆ.

ಹುಟ್ಟಿದ್ದು ಹೊನ್ನಾಳಿಯಲ್ಲಿ. ಹದಿಮೂರು ತುಂಬುವ ಹೊತ್ತಿಗೆ ನನ್ನ ಮುಖ ಹೀಗಾಯಿತು. ನಮ್ಮ ಅಮ್ಮಿ ಅದನ್ನು ಕೊಳೆ ಎಂದೇ ತಿಳಿದಳು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವ ವಜೂ ದಿನಕ್ಕೆ ಐದು ಸಲ ಇದ್ದೇ ಇರುತ್ತದೆ. ಅಮ್ಮಿ ಬಚ್ಚಲ ಕಟ್ಟೆಯ ಮೇಲೆ ಒಂದು ಸೋಪು ತಂದಿಟ್ಟು, "ಹೆಂಗೂ ಮುಖ ತೊಳಿತೀಯಲ್ಲ, ಇದನ್ನೂ ಹಚ್ಚಿ ತೊಳಿ" ಎಂದಳು. ಅಲ್ಲಿಗೆ ಐದು ಹೊತ್ತೂ ಸೋಪು. ಹೊನ್ನಾಳಿಯದು ಹೊಳೆಯ ನೀರು. ಸೋಪು ಬುರುಬುರು ನೊರೆ ಬಂದು ಸಲೀಸಾಗಿ ಜಾರಿಹೋಗುತ್ತಿತ್ತು. ಎಣ್ಣೆಯೇನೂ ಕಮ್ಮಿಯಾಗಲಿಲ್ಲ, ಆದರೆ ಕಾಣುವಂಥ ಕೆಡುಕೂ ಆಗಲಿಲ್ಲ. ಹಾಗಾಗಿ ಅದೇ ಸರಿಯಾದ ಪದ್ಧತಿ ಎಂದು ನಂಬಿಕೊಂಡೇ ಇಲ್ಲಿಗೆ ಬಂದೆ.

ಇಲ್ಲಿಯದು ಬೋರಿನ ಗಡಸು ನೀರು. ಬೇಳೆ ಬೇಗ ಬೇಯುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಸೋಪು ನೊರೆಯೂ ಬರುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ. ತೊಳೆದ ತಕ್ಷಣ ಮುಖ ಬಿಗಿದುಕೊಂಡು ಉರಿಯುತ್ತದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಮತ್ತೆ ಜಿಡ್ಡು. ನಾನು ನೀರನ್ನು ಬೈದೆ, ಊರನ್ನು ಬೈದೆ, ನಾಲ್ಕಾರು ಥರದ ಸೋಪು ಬದಲಿಸಿದೆ. ಐದು ಹೊತ್ತು ಹಚ್ಚುವುದನ್ನು ಮಾತ್ರ ಬಿಡಲಿಲ್ಲ.

ನನ್ನ ಮುಖ ಹೇಗಾದರೂ ಆಗಲಿ, ಈಗ ಯಾರು ಕೇಳುತ್ತಾರೆ? ಆದರೆ ಇರುವ ಒಬ್ಬಳೇ ಮಗಳಿಗೂ ಅದೇ ಚರ್ಮ ಬಂತು. ಅವಳಿಗೂ ಐದು ಹೊತ್ತು ಹಚ್ಚಲು ಸೋಪು ತಂದಿಟ್ಟೆ. ಮನೆಯಲ್ಲಿ ನಮ್ಮದು ಉರ್ದು. ಬೈಯುವುದಕ್ಕೆ ಮಾತ್ರ ನನಗೆ ಕನ್ನಡವೇ ಅನುಕೂಲ. "ಏನೇ ಇದು ಮುಖ? ಜಿಡ್ಡು ಹಂಗೇ ಐತೆ. ತಿಕ್ಕಿ ತೊಳಿಯಾಕೆ ಬರಲ್ವಾ ನಿನಗೆ?" ವರ್ಷಗಟ್ಟಲೆ ಹೀಗೆಯೇ ಅಂದೆ. ಅವಳು ತಿಕ್ಕಿದಳು. ಮೊಡವೆ ಎದ್ದವು, ಮೊಡವೆಯ ಮೇಲೂ ತಿಕ್ಕಿದಳು. ಪಕ್ಕದ ಮನೆಯವರು ಶೇಂಗಾ ತಿನ್ನಿಸಬೇಡಿ ಎಂದರು, ನಿಲ್ಲಿಸಿದೆ. ಗಿರಾಕಿಯೊಬ್ಬರು ನಿಂಬೆರಸ ಹಚ್ಚಿ ಎಂದರು, ಹಚ್ಚಿದೆ. ಹುಡುಗಿ ಉರಿ ತಾಳಲಾರದೆ ಅಂಗಳದಲ್ಲಿ ಕುಣಿದಾಡಿದಳು.

ಕೆನ್ನೆ ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಚನ್ನಗಿರಿಯಲ್ಲಿ ನನ್ನ ತಂಗಿಯ ಮನೆಯ ಮದುವೆಗೆ ಬರುವುದಿಲ್ಲ ಎಂದಳು. ಆಮೇಲೆ ಒಂದು ಸೋಮವಾರ ಕಾಲೇಜಿನ ಚೀಲ ಮೊಳೆಗೆ ನೇತುಹಾಕಿ, "ನಾನು ಇನ್ನು ಹೋಗಲ್ಲ ಅಮ್ಮೀ" ಎಂದಳು. ಸೆಕೆಂಡ್ ಪಿಯು, ಓದಿನಲ್ಲಿ ಚುರುಕು. ಒಂದು ವಾರ ಬೇಡಿಕೊಂಡೆ, ಹೋಗಲಿಲ್ಲ. ಆಗ ಅವಳನ್ನು ದಾವಣಗೆರೆಯ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ದಿನಕ್ಕೆ ಎಷ್ಟು ಸಲ ಸೋಪ್ ಹಾಕ್ತೀಯಮ್ಮಾ?" ಎಂದು ಕೇಳಿದರು.

"ಐದು ಸಲ ಮೇಡಂ. ವಜೂ ಮಾಡುವಾಗೆಲ್ಲ."

ಅವರು ನನ್ನ ಕಡೆ ತಿರುಗಿದರು. "ನಮಾಜಿಗೆ ಸೋಪ್ ಹಾಕ್ಲೇಬೇಕು ಅಂತ ಐತೇನ್ರೀ?"

"ಇಲ್ಲ ಮೇಡಂ, ಬರೀ ನೀರು ಸಾಕು" ಎಂದೆ.

"ಮತ್ತೆ ಇದನ್ನ ಯಾರು ಹೇಳ್ಕೊಟ್ಟಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು, "ನಾನೇ ಮೇಡಂ, ನಂಗೇ ಹಂಗೆ ಅನ್ಸ್ತು" ಎಂದಳು.

ಡಾಕ್ಟರು ನಿಧಾನವಾಗಿ ತಿಳಿಸಿಕೊಟ್ಟರು. ಎಣ್ಣೆ ಕೊಳೆಯಲ್ಲ, ಚರ್ಮವೇ ತಯಾರಿಸಿಕೊಳ್ಳುವುದು. ಕೆಲವರಿಗೆ ಹುಟ್ಟಿನಿಂದಲೇ ಜಾಸ್ತಿ. ತಿಕ್ಕಿದರೆ ಅದು ನಿಲ್ಲುವುದಿಲ್ಲ, ಮೇಲಿನ ಚರ್ಮ ಮಾತ್ರ ಸುಲಿಯುತ್ತದೆ. ಬೆಳಿಗ್ಗೆ, ಸಂಜೆ ಎರಡೇ ಸಲ ಮೃದುವಾದ ಫೇಸ್‌ವಾಶ್, ಉಳಿದ ಹೊತ್ತಿಗೆ ಬರೀ ನೀರು, ಒತ್ತಿ ಒರೆಸಬೇಕು, ಉಜ್ಜಬಾರದು. ಎಣ್ಣೆ ಚರ್ಮಕ್ಕೂ ತೆಳುವಾದ ಕ್ರೀಮು ಬೇಕು. ಮೊಡವೆಗೆ ಒಂದು ಜೆಲ್ ಬರೆದುಕೊಟ್ಟು, ಎರಡು ಮೂರು ತಿಂಗಳು ತಾಳ್ಮೆ ಇರಲಿ ಎಂದರು. ನಾನು ತಲೆಯಾಡಿಸುತ್ತಲೇ ಇದ್ದೆ. ನನ್ನನ್ನು ಕಾಪಾಡಲು ಅವಳು ಹೇಳಿದ ಸುಳ್ಳನ್ನು ಮಾತ್ರ ತಿದ್ದಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಹೇಳಿದೆ, "ತಪ್ಪು ನಂದು ಕಣೆ."

ಅವಳು ಕಿಟಕಿಯ ಕಡೆಗೇ ನೋಡುತ್ತಾ ಕೇಳಿದಳು, "ನನ್ನ ಮುಖ ನೋಡಿದ್ರೆ ನಿನಗೆ ಅಸಹ್ಯ ಆಗ್ತಿತ್ತಲ್ಲಾ ಅಮ್ಮೀ?"

"ನಿನ್ನ ಮುಖ ಅಲ್ಲ ಕಣೆ. ನಂದು. ನಿನ್ನಲ್ಲಿ ನನ್ನದೇ ಕಾಣ್ತಿತ್ತು."

"ಅದು ನಂಗೆ ಹೆಂಗೆ ಗೊತ್ತಾಗ್ಬೇಕಿತ್ತು?"

ಕಂಡಕ್ಟರು ಬಂದರು, ಟಿಕೆಟ್ ತೆಗೆದುಕೊಂಡೆ.

ಈಗ ನಾಲ್ಕು ತಿಂಗಳಾಯಿತು. ಉರಿ ಹೋಗಿದೆ, ಮೊಡವೆ ಬಹಳಷ್ಟು ತಗ್ಗಿವೆ. ಎಣ್ಣೆ ಇದ್ದೇ ಇದೆ, ಇರಲಿ. ಅವಳು ಕಾಲೇಜಿಗೆ ಹೋಗುತ್ತಿದ್ದಾಳೆ, ಗೆಳತಿಯರ ಜೊತೆ ಮಿಂಚುವ ಮುಖದಲ್ಲೇ ನಗುತ್ತಾ ಬೀದಿಯಲ್ಲಿ ಬರುವುದು ಮಿಷನ್ನಿನ ಮುಂದೆ ಕೂತ ನನಗೆ ಕಿಟಕಿಯಿಂದ ಕಾಣುತ್ತದೆ. ನಮ್ಮ ಹೊಸಿಲ ಹತ್ತಿರ ಬಂದ ಕೂಡಲೇ ನಗು ನಿಲ್ಲಿಸಿ, ವೇಲಿನ ತುದಿಯಿಂದ ಹಣೆ, ಮೂಗು, ಗದ್ದ ಒರೆಸಿಕೊಂಡು ಒಳಗೆ ಬರುತ್ತಾಳೆ.