ವರ್ಷ ತಪ್ಪಿ ಹೂಬಿಟ್ಟ ಕುರಿಂಜಿ

ಹನ್ನೆರಡು ವರ್ಷಕ್ಕೊಮ್ಮೆ ಕುರಿಂಜಿ ಅರಳಿ ಗುಡ್ಡವೆಲ್ಲ ನೀಲಿಯಾಗುವ ಆ ವರ್ಷ ಪಳನಿಯಾಂಡಿ ಊರಲ್ಲಿರಲಿಲ್ಲ. ಕ್ಷಯ ಹಿಡಿದು ಮಳೆಗೆ ಮುಂಚೆಯೇ ಪಟ್ಟಣದ ಆಸ್ಪತ್ರೆ ಸೇರಿದ್ದವನು, ವಟ್ಟವಡ ಊರಿನ ಮೇಲಿನ ಗುಡ್ಡದಲ್ಲಿದ್ದ ತನ್ನ ಮುದುವರ ಬುಡಕಟ್ಟಿನ ಕೇರಿಗೆ ಮರಳಿದ್ದು ಡಿಸೆಂಬರಿನ ಚಳಿಯಲ್ಲಿ. ಅಷ್ಟು ಹೊತ್ತಿಗೆ ಹೂವೆಲ್ಲ ಉದುರಿತ್ತು. ಯಾರ ಮನೆಗೆ ಹೋದರೂ ಆ ವರ್ಷದ ಜೇನಿನದೇ ಮಾತು. ಅದರಲ್ಲಿ ಅವನಿಗೆ ಪಾಲಿರಲಿಲ್ಲ. ಜನ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು, ಆದರೆ ಸ್ವಲ್ಪ ದೂರ ಸರಿದು ಕೂರುತ್ತಿದ್ದರು. ರೋಗ ವಾಸಿಯಾಗಿದೆ ಅಂತ ಹೇಳಿ ಹೇಳಿ ಸಾಕಾಗಿ, ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೆಲಸ ಹಿಡಿದು, ಮೇಲಿನ ಗುಡಿಸಲಲ್ಲಿ ಒಬ್ಬನೇ ಇರತೊಡಗಿದ.

ಮುಂದಿನ ಸೆಪ್ಟೆಂಬರಿನಲ್ಲಿ, ಒಮ್ಮೆ ಹೂಬಿಟ್ಟು ಸತ್ತು ಒಣಗಿದ ಕುರಿಂಜಿ ಪೊದೆಗಳ ನಡುವೆ ಒಂದೇ ಒಂದು ಗಿಡ ಹೂಬಿಟ್ಟಿದ್ದು ಕಣ್ಣಿಗೆ ಬಿತ್ತು. ಅಂದಿನಿಂದ ಬುತ್ತಿ ಬಿಚ್ಚಿ ಉಣ್ಣುವುದು ಅದರ ಪಕ್ಕದಲ್ಲೇ. ಹಿಂದಿನ ವರ್ಷ ಜೇನುಹುಳುಗಳ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲವಂತೆ. ಈಗ ಬಂಡೆಯ ಸೀಳಿನ ಗೂಡಿನಿಂದ ಒಂದೆರಡು ಹುಳು ಬಂದು, ಮೂಸಿ, ಹೋಗುತ್ತಿದ್ದವು.

ರಾಗಿಹಿಟ್ಟು ಒಯ್ಯಲು ಕೇರಿಗೆ ಇಳಿದಾಗ ಸೋದರತ್ತೆ ಕರುಪ್ಪಾಯಿಗೆ ಈ ಸುದ್ದಿ ಹೇಳಿದ.

"ಒಂಟಿ ಗಿಡ ಕಾಯಿ ಕಟ್ಟಲ್ಲ ಕಣೋ," ಅಂದಳು ಅವಳು. "ತನ್ನ ಹೂವಿನ ಪುಡಿ ತನಗೇ ಹಿಡಿಯಲ್ಲ. ಬೇರೆ ಗಿಡದ್ದನ್ನ ಹುಳ ತಂದು ಹಾಕ್ಬೇಕು."

"ಬೇರೆ ಗಿಡ ಇಲ್ವಲ್ಲ ಅತ್ತೆ."

"ಹುಡುಕಿದ್ಯಾ? ಅದರ ಮುಂದೆ ಉಂಡ್ಕೊಂಡು ಕೂತ್ರೆ ಸಿಗುತ್ತಾ?"

ನಾಲ್ಕು ದಿನ ಹುಡುಕಿದ. ಎರಡು ಕಣಿವೆ ದಾಟಿ, ಹುಲ್ಲಿನ ಇಳಿಜಾರಿನಲ್ಲಿ ಇನ್ನೊಂದು ಸಿಕ್ಕಿತು. ಅಷ್ಟು ದೂರ ಹುಳು ಹಾರುವ ಮಾತೇ ಇಲ್ಲ. ಎರಡು ಹೂರೆಂಬೆ ಮುರಿದು, ನೀರು ತುಂಬಿದ ಬಿದಿರ ಕೊಳವೆಯಲ್ಲಿಟ್ಟು, ಏದುಸಿರು ಬಿಡುತ್ತಾ ಹೊತ್ತು ತಂದು ತನ್ನ ಗಿಡಕ್ಕೆ ಒರಗಿಸಿ ಕಟ್ಟಿದ. ಮಧ್ಯಾಹ್ನದವರೆಗೆ ಏನೂ ಇಲ್ಲ. ಆಮೇಲೆ ಒಂದು ಹುಳು, ಅವನು ತಂದ ರೆಂಬೆಯ ಹೂವಿನೊಳಗೆ ತೂರಿ, ಬೆನ್ನಿಗೆಲ್ಲ ಪುಡಿ ಮೆತ್ತಿಕೊಂಡು ಹೊರಬಂದು, ಪಕ್ಕದ ಗಿಡದ ಹೂವಿಗೆ ಹೋಯಿತು. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹೂವು ಮುಗಿಯುವುದರೊಳಗೆ ಅಂಥ ನಾಲ್ಕು ಓಡಾಟ ಮಾಡಿದ. ಆ ದೂರದ ಗಿಡಕ್ಕೂ ಇದರ ರೆಂಬೆ ಒಯ್ದು ಕಟ್ಟಿ ಬಂದ.

ಬೇಸಿಗೆ ಕಳೆಯುವ ಹೊತ್ತಿಗೆ ಗಿಡ ಒಣಗಿತು. ಹೆಚ್ಚಿನ ತೆನೆಗಳು ಬರೀ ಹೊಟ್ಟು. ರೆಂಬೆ ಕಟ್ಟಿದ್ದ ಕಡೆ ಮಾತ್ರ ಕಾಯಿ ಗಟ್ಟಿಯಾಗಿ ನಿಂತಿದ್ದವು. ಕರುಪ್ಪಾಯಿ ಮಂಡಿನೋವಿನಲ್ಲೂ ಹತ್ತಿ ಬಂದು, ಒಂದನ್ನು ಉಗುರಿನಲ್ಲಿ ಸೀಳಿ ಬೀಜ ನೋಡಿದಳು.

"ಇವು ಹುಟ್ಟಿದ್ರೂ ಗುಡ್ಡದ ಜೊತೆ ಹೂ ಬಿಡಲ್ಲ. ಯಾವಾಗ್ಲೂ ಒಂದು ವರ್ಷ ಹಿಂದೇನೇ."

"ಇರ್ಲಿ ಅತ್ತೆ. ಆಗ ಒಂದೇ ಇರಲ್ಲ, ನಾಲ್ಕಾರು ಇರ್ತವೆ."

ಅವಳು ಸೀಳಿದ ಕಾಯಿಯ ಬೀಜವನ್ನು ಗಿಡದ ಬುಡದ ಮಣ್ಣಿಗೆ ಒತ್ತಿದಳು. ಮೋಡ ಕಟ್ಟುತ್ತಿತ್ತು, ಇಳಿಜಾರು ಮುಗಿಯುವವರೆಗೆ ಅವಳ ಕೈ ಹಿಡಿದು ಇಳಿಸಿ, ಅವನು ಮತ್ತೆ ಮೇಲೆ ಹತ್ತಿದ.